ಹಿರಿತನದ ಪಟ್ಟಿಯೂ ವಿಮಾನಚಾಲಕನ ಬಾಳೂ

ಅಮೆರಿಕ ಸಂಯುಕ್ತ ಸಂಸ್ಥಾನದ ಸಣ್ಣ ಪ್ರಾದೇಶಿಕ ವಿಮಾನ ಕಂಪೆನಿಯೊಂದರಲ್ಲಿ ಕೆಲವು ವರ್ಷ ದುಡಿದು ಕ್ಯಾಪ್ಟನ್ ಪದವಿಗೇರಿದ, ಮೂವತ್ತು ದಾಟಿದ ಚಾಲಕನೊಬ್ಬನಿಗೆ ಎರಡು ದೊಡ್ಡ ಕಂಪೆನಿಗಳಿಂದ ಒಂದೇ ವಾರದಲ್ಲಿ ನೇಮಕದ ಕರೆ ಬಂದಿತೆನ್ನೋಣ. ಆತನ ಮನೆ ಫ್ಲಾರಿಡದ ಒರ್ಲ್ಯಾಂಡೊದಲ್ಲಿ. ಹೆಂಡತಿಯ ಉದ್ಯೋಗವೂ ಮಕ್ಕಳ ಶಾಲೆಯೂ ಅಲ್ಲಿಯೇ. ಕರೆದ ಕಂಪೆನಿಗಳಲ್ಲಿ ಒಂದು ಅಗ್ಗದ ದರದ, ಈಚಿನ ಕಂಪೆನಿ. ಅದರ ಚಾಲಕರ ನೆಲೆಗಳಲ್ಲಿ ಒರ್ಲ್ಯಾಂಡೊವೂ ಒಂದು. ಮತ್ತೊಂದು ದಶಕಗಳಿಂದ ಬೇರೂರಿದ, ಸಾಗರಗಳನ್ನು ದಾಟುವ ದೊಡ್ಡ ವಿಮಾನಗಳುಳ್ಳ ಕಂಪೆನಿ. ಆದರೆ ಹೊಸಬರನ್ನು ಅದು ಹಾಕುವುದು ನ್ಯೂಯಾರ್ಕಿಗೆ. ಮೊದಲನೆಯದರ ತರಬೇತಿ ಮುಂದಿನ ವಾರವೇ ಆರಂಭ. ಎರಡನೆಯದರದು ಆರು ವಾರಗಳ ಅನಂತರ. ನಮ್ಮಲ್ಲಿಯಾದರೆ ಇಂತಹ ಸಂದರ್ಭದಲ್ಲಿ ಬಂಧುಮಿತ್ರರೆಲ್ಲ ಮೊದಲು ಕೇಳುವುದು ಸಂಬಳದ ಮಾತನ್ನು. ಆತನು ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ: ನನ್ನ ಮುಂದೆ ಎಷ್ಟು ಮಂದಿ ಇದ್ದಾರೆ, ಅವರ ವಯಸ್ಸೆಷ್ಟು, ನನ್ನ ಹಿಂದೆ ಇನ್ನೆಷ್ಟು ಮಂದಿ ಬರುವರು?

ಈ ಪ್ರಶ್ನೆಗಳ ಅರ್ಥ ತಿಳಿಯಬೇಕಾದರೆ ಅಮೆರಿಕದ ವಿಮಾನೋದ್ಯಮದಲ್ಲಿ ಸೇವಾಜ್ಯೇಷ್ಠತೆಗಿರುವ ಸರ್ವಾಧಿಕಾರವನ್ನು ಅರಿಯಬೇಕು. ಕಂಪೆನಿಗೆ ಸೇರಿದ ದಿನವೇ ಚಾಲಕನಿಗೆ ಒಂದು ಕ್ರಮಾಂಕ ದೊರೆಯುತ್ತದೆ. ಆತನು ಯಾವ ಊರಿನ ನೆಲೆಯಲ್ಲಿರಬೇಕು, ಯಾವ ಜಾತಿಯ ವಿಮಾನವನ್ನು ನಡೆಸಬೇಕು, ಎಡಗಡೆಯ ಕ್ಯಾಪ್ಟನ್ ಪೀಠದಲ್ಲೋ ಬಲಗಡೆಯ ಫಸ್ಟ್ ಆಫೀಸರ್ ಪೀಠದಲ್ಲೋ ಎಲ್ಲಿ ಕೂರಬೇಕು, ತಿಂಗಳಲ್ಲಿ ಯಾವ ದಿನಗಳು ಬಿಡುವು, ಕ್ರಿಸ್‌ಮಸ್ಸಿಗೆ ಮನೆಯಲ್ಲಿರುವ ಭಾಗ್ಯವುಂಟೇ ಇಲ್ಲವೇ, ರಜೆ ಬೇಸಗೆಯಲ್ಲೋ ಚಳಿಯಲ್ಲೋ—ಇವೆಲ್ಲವನ್ನೂ ನಿರ್ಣಯಿಸುವುದು ಆ ಒಂದು ಅಂಕಿಯೇ. ಪ್ರತಿ ತಿಂಗಳೂ ಚಾಲಕರು ತಮಗೆ ಬೇಕಾದ ಹಾರಾಟಗಳನ್ನು ಕೋರಿ ಮನವಿ ಸಲ್ಲಿಸುತ್ತಾರೆ. ಪಟ್ಟಿಯಲ್ಲಿ ಮೇಲಿದ್ದವನು ಆರಿಸಿಕೊಂಡ ಬಳಿಕ ಉಳಿದದ್ದು ಕೆಳಗಿನವನಿಗೆ, ಅವನೂ ಬಿಟ್ಟದ್ದು ಅವನ ಕೆಳಗಿನವನಿಗೆ. ಇಬ್ಬರು ಒಂದೇ ದಿನ ಸೇರಿದರೆ ಅವರಲ್ಲಿ ಹಿರಿಯರಾರೆಂಬುದನ್ನು ಕೆಲವು ಕಂಪೆನಿಗಳು ವಯಸ್ಸಿನಿಂದಲೂ ಕೆಲವು ಚೀಟಿಯೆತ್ತಿಯೂ ನಿಶ್ಚಯಿಸುತ್ತವೆ. ಆ ಚೀಟಿಯ ಫಲವನ್ನು ಚಾಲಕನು ಅರವತ್ತೈದನೆಯ ವಯಸ್ಸಿನ ನಿವೃತ್ತಿಯವರೆಗೆ ಅನುಭವಿಸಬೇಕಾಗುತ್ತದೆ.

ಈ ಕ್ರಮಾಂಕವನ್ನು ಇನ್ನೊಂದು ಕಂಪೆನಿಗೆ ಕೊಂಡೊಯ್ಯಲು ಬಾರದು. ನಮ್ಮ ಸರಕಾರಿ ನೌಕರರಿಗೆ ಇದರ ಸೊಗಡು ಸ್ವಲ್ಪ ಗೊತ್ತು: ಸ್ವಂತ ಕೋರಿಕೆಯ ಮೇಲೆ ಬೇರೊಂದು ಜ್ಯೇಷ್ಠತಾ ಘಟಕಕ್ಕೆ ವರ್ಗವಾದವನು ಅಲ್ಲಿನ ಪಟ್ಟಿಯ ಕೊನೆಗೆ ನಿಲ್ಲುತ್ತಾನೆ. ಆದರೆ ಅಲ್ಲಿ ಆತನ ಸಂಬಳ ಸ್ಥಾನಗಳು ಅಷ್ಟಾಗಿ ಕೆಡುವುದಿಲ್ಲ. ಅಮೆರಿಕದ ವಿಮಾನಚಾಲಕನಿಗಾದರೋ, ಇಪ್ಪತ್ತು ವರ್ಷ ಒಂದು ಕಂಪೆನಿಯಲ್ಲಿ ಕ್ಯಾಪ್ಟನ್ ಆಗಿದ್ದವನು ಮತ್ತೊಂದನ್ನು ಸೇರಿದ ದಿನ, ನಿನ್ನೆ ಮೊನ್ನೆ ಬಂದ ಯುವಕನ ಹಿಂದೆ, ಪ್ರಥಮ ವರ್ಷದ ವೇತನಕ್ಕೆ, ಬಲಗಡೆಯ ಪೀಠದಲ್ಲಿ ಕುಳಿತುಕೊಳ್ಳಬೇಕು. ವೇತನದ ಏಣಿ ಸಾಮಾನ್ಯವಾಗಿ ಹನ್ನೆರಡು ಮೆಟ್ಟಿಲುಗಳದ್ದು, ವರ್ಷಕ್ಕೊಂದು ಮೆಟ್ಟಿಲು. ಅದನ್ನು ಕೆಳಗಿನಿಂದಲೇ ಹತ್ತಬೇಕು. ಹೀಗಾಗಿ ಇಲ್ಲಿ ಉದ್ಯೋಗದ ಆಯ್ಕೆಯೆಂದರೆ ಬಾಳಿನ ಆಯ್ಕೆ. ಒಮ್ಮೆ ಮಾಡಿದ್ದನ್ನು ನಲವತ್ತೈದರ ಮೇಲೆ ತಿದ್ದಿಕೊಳ್ಳುವುದು ಬಲು ದುಬಾರಿ.

ಯೋಗ್ಯತೆಗೆ ಎಡೆಯಿಲ್ಲದ ಈ ವ್ಯವಸ್ಥೆ ಅನ್ಯಾಯವೆಂದು ಹೊರಗಿನವರಿಗೆ ತೋರುವುದು ಸಹಜ. ಆದರೆ ಅದು ಹುಟ್ಟಿದ ಬಗೆಯನ್ನು ನೋಡಿದರೆ ಅದರೊಳಗಿನ ವಿವೇಕ ಕಾಣುತ್ತದೆ. 1919ರ ಜುಲೈಯಲ್ಲಿ ನ್ಯೂಯಾರ್ಕಿನ ಬೆಲ್‌ಮಾಂಟ್ ಪಾರ್ಕ್ ಮೈದಾನದಿಂದ ಅಂಚೆ ಹೊತ್ತು ಹಾರಬೇಕಾಗಿದ್ದ ಚಾಲಕರಿಬ್ಬರು, ದಟ್ಟವಾದ ಮಂಜಿನಲ್ಲಿ ಹಾರಲೊಲ್ಲೆವೆಂದರು. ಅಂಚೆ ಇಲಾಖೆಯ ಅಧಿಕಾರಿ ಆಟೊ ಪ್ರೇಗರ್ ಅವರಿಬ್ಬರನ್ನೂ ವಜಾ ಮಾಡಿದನು. ಆಗ ಉಳಿದ ಚಾಲಕರು ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಆ ರಾಜಿಯ ಒಂದು ಕರಾರು ನನಗೆ ಬಹಳ ಮೆಚ್ಚಿನದು: ಹವೆ ಕೆಟ್ಟಿದೆಯೆಂದು ಚಾಲಕನು ಹಿಂಜರಿದಾಗ, ಹಾರಲೇಬೇಕೆನ್ನುವ ಮೈದಾನದ ಮೇಲಧಿಕಾರಿ ತಾನೇ ವಿಮಾನದಲ್ಲಿ ಕುಳಿತು ಮೇಲೇರಿ ಹವೆಯನ್ನು ಪರೀಕ್ಷಿಸತಕ್ಕದ್ದು. ಅಪಾಯವನ್ನು ಕಂಡು ಒಲ್ಲೆನೆನ್ನುವ ಮನುಷ್ಯನ ಅನ್ನಕ್ಕೆ ಕುತ್ತು ಬರಬಾರದೆಂಬ ಹಟವೇ ಚಾಲಕರ ಸಂಘಟನೆಯ ಬೀಜ.

ಅದು ಸಂಘದ ರೂಪ ತಾಳಿದ್ದು 1931ರಲ್ಲಿ, ಶಿಕಾಗೊದಲ್ಲಿ, ಡೇವಿಡ್ ಬೆಂಕಿ ಎಂಬ ಹಟವಾದಿ ಚಾಲಕನ ನಾಯಕತ್ವದಲ್ಲಿ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ವೇತನ ಕಡಿತದ ವಿರುದ್ಧ ಸೆಂಚುರಿ ಏರ್‌ಲೈನ್ಸಿನ ಚಾಲಕರು 1932ರಲ್ಲಿ ಮುಷ್ಕರ ಹೂಡಿದರು. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಲಿಯು ಚಾಲಕರ ಹಾರಾಟವನ್ನು ತಿಂಗಳಿಗೆ 85 ಗಂಟೆಗಳಿಗೆ ಮಿತಗೊಳಿಸಿ ತೀರ್ಪಿತ್ತಿತು. ಕಂಪೆನಿಗಳು ಕಾರ್ಮಿಕ ಸಂಘಗಳೊಡನೆ ಮಾತುಕತೆ ನಡೆಸಬೇಕೆನ್ನುವ ರೈಲ್ವೆ ಕಾರ್ಮಿಕ ಕಾಯಿದೆ 1936ರಲ್ಲಿ ವಿಮಾನ ಕಂಪೆನಿಗಳಿಗೂ ಅನ್ವಯವಾಯಿತು; 1939ರಲ್ಲಿ ಅಮೆರಿಕನ್ ಏರ್‌ಲೈನ್ಸಿನೊಡನೆ ಸಂಘದ ಪ್ರಥಮ ಒಪ್ಪಂದಕ್ಕೆ ಸಹಿ ಬಿದ್ದಿತು. ಚಾಲಕರ ಈ ಹಟಕ್ಕೂ ಹಿರಿತನದ ಪಟ್ಟಿಗೂ ಇರುವ ನಂಟು ಇದು: ಸೇರಿದ ದಿನಾಂಕವನ್ನು ಬಿಟ್ಟು ಬೇರೆ ಯಾವ ಅಳತೆಯನ್ನು ಒಪ್ಪಿದರೂ, ಆ ಅಳತೆಗೋಲು ಮೇಲಧಿಕಾರಿಯ ಕೈಯಲ್ಲಿರುವುದು. ಆಗ ಇಂಧನ ಸಾಲದೆಂದೋ ರೆಕ್ಕೆಯ ಮೇಲೆ ಹಿಮವಿದೆಯೆಂದೋ ವಿಮಾನವನ್ನು ನಿಲ್ಲಿಸಿದ ಕ್ಯಾಪ್ಟನ್ನನು ಬಡ್ತಿಯ ವೇಳೆಗೆ ಅದರ ಬೆಲೆ ತೆರಬೇಕಾದೀತು. ದಿನಾಂಕಕ್ಕೆ ಮುಖದಾಕ್ಷಿಣ್ಯವಿಲ್ಲ, ಅದನ್ನು ಯಾರೂ ಒಲಿಸಿಕೊಳ್ಳಲಾರರು. ವಿಮಾನದಲ್ಲಿ ಕುಳಿತ ಪ್ರಯಾಣಿಕನಾಗಿ ಯೋಚಿಸಿದಾಗ, ಈ ಜಡವಾದ ಪಟ್ಟಿ ನನ್ನ ರಕ್ಷಣೆಗೂ ನಿಂತಿದೆಯೆಂದು ನಾನು ನಂಬುತ್ತೇನೆ.

ಆದರೆ ಕಂಪೆನಿಯೇ ಮುಳುಗಿದರೆ ಪಟ್ಟಿಯೂ ಮುಳುಗುವುದಷ್ಟೆ. ಅಮೆರಿಕದ ಸರಕಾರವು ವಿಮಾನ ದರಗಳ ಮೇಲೂ ಮಾರ್ಗಗಳ ಮೇಲೂ ಇದ್ದ ತನ್ನ ಹಿಡಿತವನ್ನು 1978ರಲ್ಲಿ ಸಡಿಲಿಸಿತು. ಅದಾಗಿ ನಾಲ್ಕು ವರ್ಷಗಳೊಳಗೆ, 1982ರ ಮೇ ತಿಂಗಳಲ್ಲಿ, ಬ್ರಾನಿಫ್ ಬಾಗಿಲು ಮುಚ್ಚಿತು. 1991ರ ಜನವರಿಯಲ್ಲಿ ಈಸ್ಟರ್ನ್, ಅದೇ ವರ್ಷದ ಡಿಸೆಂಬರಿನಲ್ಲಿ ಜಗದ್ವಿಖ್ಯಾತವಾದ ಪ್ಯಾನ್ ಆ್ಯಮ್. ಪ್ಯಾನ್ ಆ್ಯಮಿಗೆ ಸೇರುವುದೆಂದರೆ ಜೀವನ ಗೆದ್ದಂತೆಯೇ ಎಂದು ಒಂದು ಕಾಲದ ಯುವಕರು ಎಣಿಸಿದ್ದರು. ಅವರಲ್ಲಿ ಅನೇಕರು ಐವತ್ತರ ವಯಸ್ಸಿನಲ್ಲಿ ಮತ್ತೆ ಅರ್ಜಿ ಹಿಡಿದು ನಿಲ್ಲಬೇಕಾಯಿತು.

ಕಂಪೆನಿಗಳು ಒಂದರಲ್ಲೊಂದು ಬೆರೆತಾಗ ಹುಟ್ಟುವ ಕಲಹ ಮತ್ತೊಂದು ಬಗೆಯದು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು ದಿವಾಳಿಯಾಗಿದ್ದ ಟಿ.ಡಬ್ಲ್ಯು.ಎ.ಯನ್ನು ಕೊಂಡಾಗ ಆ ಹಳೆಯ ಕಂಪೆನಿಯ ಚಾಲಕರಲ್ಲಿ ಬಹು ಮಂದಿಯನ್ನು ಅಮೆರಿಕನ್ ಪಟ್ಟಿಯ ತುದಿಗೆ ಅಂಟಿಸಲಾಯಿತು. ಕೆಲವೇ ತಿಂಗಳಲ್ಲಿ ಸೆಪ್ಟೆಂಬರ್ 11ರ ದುರಂತ ಸಂಭವಿಸಿತು. ಪಟ್ಟಿಯ ತುದಿಯಲ್ಲಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಟಿ.ಡಬ್ಲ್ಯು.ಎ.ಯ ಕೇಂದ್ರವಾಗಿದ್ದ ಮಿಸೌರಿ ಸಂಸ್ಥಾನದ ಇಬ್ಬರು ಸೆನೆಟರುಗಳಾದ ಮೆಕ್ಯಾಸ್ಕಿಲ್, ಬಾಂಡ್ ಇವರು, ಇನ್ನು ಮುಂದೆ ಎರಡು ಪಟ್ಟಿಗಳನ್ನು ಕೂಡಿಸುವಾಗ ನ್ಯಾಯಸಮ್ಮತವಾದ ಕ್ರಮವಿರಬೇಕೆಂದು 2007ರಲ್ಲಿ ಕಾನೂನು ತಂದರು. ಆದರೆ ನ್ಯಾಯವೆಂಬುದೇನು? ಪೂರ್ವದ ಯು.ಎಸ್. ಏರ್‌ವೇಸ್, ಪಶ್ಚಿಮದ ಅಮೆರಿಕ ವೆಸ್ಟ್ ಎಂಬ ಎರಡು ಕಂಪೆನಿಗಳು 2005ರಲ್ಲಿ ಒಂದಾದವು. ಅದೇ 2007ರಲ್ಲಿ, ಮಧ್ಯಸ್ಥರಾಗಿದ್ದ ಜಾರ್ಜ್ ನಿಕೊಲೊ ತಮ್ಮ ತೀರ್ಪಿನಲ್ಲಿ, ಹದಿನೇಳು ವರ್ಷ ಹಿಂದೆ ಸೇರಿದ್ದರೂ ಆ ವೇಳೆಗೆ ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ಪೂರ್ವದ ಚಾಲಕನನ್ನು, ಕೆಲವೇ ತಿಂಗಳ ಹಿಂದೆ ಸೇರಿ ಕೆಲಸದಲ್ಲಿದ್ದ ಪಶ್ಚಿಮದ ಚಾಲಕನ ಕೆಳಗೆ ಇರಿಸಿದರು. ವಿಲೀನದ ದಿನ ಕೈಯಲ್ಲಿ ಕೆಲಸವಿದ್ದವನಿಗೂ ಇಲ್ಲದವನಿಗೂ ಸಮಪಾಲು ಸಲ್ಲದೆಂಬುದು ಅವರ ತರ್ಕ. ಕಳೆದ ಯೌವನಕ್ಕೆ ಬೆಲೆಯೇ ಇಲ್ಲವೆ ಎಂಬುದು ಎದುರು ಪಕ್ಷದ ಅಳಲು. ಎರಡೂ ಮಾತಿನಲ್ಲಿ ಸತ್ಯವುಂಟು. ಪೂರ್ವದವರು ಹಳೆಯ ಸಂಘವನ್ನೇ ತೊರೆದು ಬೇರೆ ಸಂಘ ಕಟ್ಟಿದರು. ವ್ಯಾಜ್ಯ ಒಂದು ದಶಕ ನಡೆದು, ಆ ಕಂಪೆನಿಯೂ ಅಮೆರಿಕನ್ನಿನೊಳಗೆ ಸೇರಿಹೋದ ಬಳಿಕ 2016ರಲ್ಲಿ ಹೊಸ ಮಧ್ಯಸ್ಥಿಕೆಯಿಂದ ತಣ್ಣಗಾಯಿತು.

ಕೆಲಸದಿಂದ ತಾತ್ಕಾಲಿಕವಾಗಿ ಬಿಡುವುಗೊಳಿಸುವುದನ್ನು ಅಲ್ಲಿ ಫರ್ಲೋ ಎನ್ನುತ್ತಾರೆ. ಕೊನೆಗೆ ಬಂದವನು ಮೊದಲು ಹೊರಡಬೇಕು. ಮತ್ತೆ ಕರೆಯುವಾಗ ಮೇಲಿನವನಿಗೆ ಮೊದಲ ಕರೆ. ಸಂಬಳವಿಲ್ಲ, ಆದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಈ ಉಳಿಯುವಿಕೆ ಆಸೆಯೂ ಹೌದು, ಬಂಧನವೂ ಹೌದು. ಮತ್ತೊಂದು ಕಡೆ ಸೇರಿ ಅಲ್ಲಿ ನಾಲ್ಕು ಮೆಟ್ಟಿಲು ಹತ್ತಿದವನಿಗೆ ಹಳೆಯ ಮನೆಯಿಂದ ಕರೆ ಬಂದರೆ ಯಾವುದನ್ನು ಬಿಡಬೇಕು? 2001ರ ಅನಂತರ ಅಮೆರಿಕನ್ ಏರ್‌ಲೈನ್ಸಿನಿಂದ ಹೊರಬಿದ್ದವರಲ್ಲಿ ಕೆಲವರಿಗೆ ಮರುಕರೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂತಹ ಕಷ್ಟಕಾಲದ ಬಿಸಿ ತಗಲುವುದು ತುದಿಯವರಿಗಷ್ಟೇ ಅಲ್ಲ. ದೊಡ್ಡ ವಿಮಾನಗಳನ್ನು ನಿಲ್ಲಿಸಿದಾಗ ಅವುಗಳ ಕ್ಯಾಪ್ಟನ್ನರು ಸಣ್ಣ ವಿಮಾನಗಳಿಗೆ ಇಳಿಯುತ್ತಾರೆ, ಅಲ್ಲಿದ್ದ ಕಿರಿಯ ಕ್ಯಾಪ್ಟನ್ನರನ್ನು ಬಲಪೀಠಕ್ಕೆ ತಳ್ಳುತ್ತಾರೆ, ಬಲಪೀಠದಲ್ಲಿದ್ದವರು ಬೀದಿಗೆ ಬರುತ್ತಾರೆ. ಪ್ರತಿಯೊಬ್ಬನಿಗೂ ಹೊಸ ವಿಮಾನದ ತರಬೇತಿ ಬೇಕು. ಈ ತರಬೇತಿಯ ವೆಚ್ಚಕ್ಕೆ ಅಂಜಿಯೇ ಕಂಪೆನಿಗಳು ಫರ್ಲೋವನ್ನು ಆದಷ್ಟೂ ಮುಂದೂಡುವುದುಂಟು. ಕಂಪೆನಿಯೇ ನಿಂತುಹೋದರೆ ಮರುಕರೆಯ ಆಸೆಯೂ ಇಲ್ಲ: 2008ರ ಏಪ್ರಿಲ್ ಹೊತ್ತಿಗೆ ಅಲೋಹ, ಎ.ಟಿ.ಎ., ಸ್ಕೈಬಸ್ ಈ ಮೂರು ಕಂಪೆನಿಗಳು ಒಂದು ವಾರದೊಳಗೆ ಒಂದರ ಹಿಂದೊಂದು ನಿಂತವು. 2020ರ ಮಹಾಮಾರಿಯಲ್ಲಿ ಸರಕಾರ ವೇತನಕ್ಕೆಂದು ಕೊಟ್ಟ ನೆರವು ಸೆಪ್ಟೆಂಬರ್ ಕೊನೆಗೆ ಮುಗಿದೊಡನೆ ಅಮೆರಿಕನ್ ಏರ್‌ಲೈನ್ಸ್ ಸುಮಾರು 1,600 ಚಾಲಕರನ್ನು ಫರ್ಲೋಗೆ ಕಳುಹಿಸಿತು. ಡೆಲ್ಟ, ಯುನೈಟೆಡ್ ಕಂಪೆನಿಗಳಲ್ಲಿ ಚಾಲಕರ ಸಂಘಗಳು ಎಲ್ಲರ ಹಾರಾಟದ ಗಂಟೆಗಳನ್ನೂ ಕಡಮೆ ಮಾಡಿಕೊಳ್ಳಲು ಒಪ್ಪಿ ಕಿರಿಯರನ್ನು ಉಳಿಸಿಕೊಂಡವು. ತಮ್ಮ ಹಕ್ಕನ್ನು ಸಾಧಿಸುವ ಅವಕಾಶವಿದ್ದ ಹಿರಿಯರು ತಮ್ಮ ಆದಾಯದಲ್ಲಿ ಪಾಲು ಬಿಟ್ಟದ್ದು, ಈ ಪಟ್ಟಿಯ ಇತಿಹಾಸದಲ್ಲಿ ನಾನು ಗೌರವದಿಂದ ನೆನೆಯುವ ಸಂಗತಿ.

ಇನ್ನು ಮನೆಗೂ ನೆಲೆಗೂ ನಡುವಣ ದೂರದ ಮಾತು. ಅಮೆರಿಕದ ಚಾಲಕರಲ್ಲಿ ಬಹುಮಂದಿ ತಮ್ಮ ನೆಲೆಯ ಊರಿನಲ್ಲಿ ವಾಸಿಸುವುದಿಲ್ಲ. ಕೆಲಸಕ್ಕೆ ಹೋಗಲು ವಿಮಾನವನ್ನೇ ಏರಬೇಕು. ಒರ್ಲ್ಯಾಂಡೊದಿಂದ ನ್ಯೂಯಾರ್ಕಿಗೆ ಎರಡೂವರೆ ಗಂಟೆಯ ಹಾರಾಟ. ಟಿಕೆಟ್ ಕೊಳ್ಳುವುದಿಲ್ಲ, ಪ್ರಯಾಣಿಕರೆಲ್ಲ ಕುಳಿತ ಮೇಲೆ ಖಾಲಿ ಪೀಠ ಉಳಿದರೆ ಅದರಲ್ಲಿ, ಅದೂ ಇಲ್ಲವಾದರೆ ಚಾಲಕರ ಕೋಣೆಯಲ್ಲಿ ಅವರ ಬೆನ್ನ ಹಿಂದಿರುವ ಜಂಪ್‌ಸೀಟ್ ಎಂಬ ಮಡಿಸುವ ಪೀಠದಲ್ಲಿ, ಆ ವಿಮಾನದ ಕ್ಯಾಪ್ಟನ್ನನ ಅನುಮತಿ ಬೇಡಿ ಕುಳಿತುಕೊಳ್ಳಬೇಕು. ಆ ಪೀಠಕ್ಕೂ ಸರತಿಯುಂಟು. ದ್ವಾರದ ಬಳಿ ಇನ್ನಿಬ್ಬರು ಚಾಲಕರು ಅದಕ್ಕಾಗಿಯೇ ನಿಂತಿರಬಹುದು. ಈ ವಿಮಾನ ತಪ್ಪಿದರೆ ಮುಂದಿನದು, ಅದೂ ತಪ್ಪಿದರೆ? ವೇಳೆಗೆ ಸರಿಯಾಗಿ ಹಾಜರಾಗದವನ ಮೇಲೆ ಕ್ರಮ ಜರುಗುತ್ತದೆ. ಒಂದೆರಡು ವಿಮಾನಗಳಿಗೆ ಮುಂಚಿತವಾಗಿಯೇ ಪ್ರಯತ್ನಿಸಿದ್ದನ್ನು ತೋರಿಸಿಕೊಟ್ಟರೆ ಮನ್ನಿಸಬೇಕೆಂಬ ಕಲಮನ್ನು ಅನೇಕ ಒಪ್ಪಂದಗಳಲ್ಲಿ ಸೇರಿಸಿದ್ದಾರೆ. ಹೀಗಾಗಿ ನಾಲ್ಕು ದಿನಗಳ ಕೆಲಸಕ್ಕೆ ಮುಂಚಿನ ದಿನವೊಂದು, ಕೆಲವೊಮ್ಮೆ ಮುಗಿದ ಮೇಲಿನ ರಾತ್ರಿಯೊಂದು ಸಂಬಳವಿಲ್ಲದೆ ಕರಗಿಹೋಗುತ್ತದೆ.

ಹೊಸಬನಿಗೆ ಇದಕ್ಕಿಂತ ಕಷ್ಟವಾದದ್ದು ರಿಸರ್ವ್. ನಿಶ್ಚಿತವಾದ ಹಾರಾಟಗಳು ಹಿರಿಯರ ಪಾಲಾಗಿ, ಕಿರಿಯನು ಕರೆ ಬಂದಾಗ ಎರಡು ಮೂರು ಗಂಟೆಗಳೊಳಗೆ ಹಾಜರಾಗುವಂತೆ ನೆಲೆಯ ಊರಿನಲ್ಲಿಯೇ ಕಾದಿರಬೇಕು. ನೆಲೆಯ ಬಳಿ ಮನೆಯಿದ್ದವನು ಮಕ್ಕಳೊಡನೆ ಊಟ ಮಾಡುತ್ತ ಕಾಯುತ್ತಾನೆ. ದೂರದವನು ಹಂಚಿಕೊಂಡ ಬಾಡಿಗೆ ಮನೆಯಲ್ಲಿ ಕಾಯುತ್ತಾನೆ. ನ್ಯೂಯಾರ್ಕಿನ ಕ್ವೀನ್ಸ್ ವಿಭಾಗದಲ್ಲಿ, ಎರಡು ವಿಮಾನ ನಿಲ್ದಾಣಗಳ ನಡುವೆ, ಕ್ಯೂ ಗಾರ್ಡನ್ಸ್ ಎಂಬ ಬಡಾವಣೆಯಿದೆ. ವಿಮಾನ ಸಿಬ್ಬಂದಿ ಅಲ್ಲಿ ಎಷ್ಟು ತುಂಬಿದ್ದಾರೆಂದರೆ ಅದಕ್ಕೆ ಕ್ರೂ ಗಾರ್ಡನ್ಸ್ ಎಂದೇ ಅಡ್ಡಹೆಸರು ಬಿದ್ದಿದೆ. ಕ್ರ್ಯಾಶ್‌ಪ್ಯಾಡ್ ಎನ್ನಿಸಿಕೊಂಡ ಅಲ್ಲಿನ ಮನೆಗಳಲ್ಲಿ ಒಂದೊಂದು ಕೋಣೆಗೂ ಒಂದರ ಮೇಲೊಂದು ಮಂಚಗಳು. ತಿಂಗಳ ಬಾಡಿಗೆ ಹೆಚ್ಚು ತೆತ್ತವನಿಗೆ ತನ್ನದೇ ಹಾಸಿಗೆ; ಕಡಮೆ ತೆತ್ತವನು ಅಂದು ಖಾಲಿಯಿದ್ದ ಮಂಚಕ್ಕೆ ತನ್ನ ಹೊದಿಕೆಯನ್ನು ಹಾಸಿ ಮಲಗಿ, ಏಳುವಾಗ ಸುತ್ತಿ ಪೆಟ್ಟಿಗೆಗೆ ತುರುಕಬೇಕು. ಬೆಳಗಿನ ಜಾವ ಮೂರಕ್ಕೆ ಒಬ್ಬನ ಗಡಿಯಾರ ಕೂಗಿದರೆ, ನಡುರಾತ್ರಿ ಒಂದಕ್ಕೆ ಬಂದು ಮಲಗಿದ ಇನ್ನೊಬ್ಬನು ಎಚ್ಚರಗೊಳ್ಳುತ್ತಾನೆ.

ಈ ಜೀವನಕ್ರಮ ಕೇವಲ ಕುಟುಂಬದ ದುಃಖವಾಗಿ ನಿಲ್ಲುವುದಿಲ್ಲ. 2009ರ ಫೆಬ್ರವರಿ 12ರ ರಾತ್ರಿ ನೆವಾರ್ಕಿನಿಂದ ಬಫಲೊಗೆ ಹೊರಟ ಕೋಲ್ಗನ್ ಏರ್ ವಿಮಾನವು ಇಳಿಯುವ ಮುನ್ನ ಮನೆಯೊಂದರ ಮೇಲೆ ಬಿದ್ದು ಐವತ್ತು ಮಂದಿ ಸತ್ತರು. ಆ ವಿಮಾನದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ದೇಶದ ಇನ್ನೊಂದು ತುದಿಯ ಸಿಯಾಟಲ್ಲಿನಿಂದ ಸರಕು ವಿಮಾನ ಹಿಡಿದು, ಮೆಂಫಿಸ್ಸಿನಲ್ಲಿ ಬದಲಾಯಿಸಿ, ನೆವಾರ್ಕ್ ಮುಟ್ಟಿದ್ದಳು. ಕ್ಯಾಪ್ಟನ್ ಫ್ಲಾರಿಡದಿಂದ ಬಂದು ಸಿಬ್ಬಂದಿಯ ಕೋಣೆಯಲ್ಲಿ ರಾತ್ರಿ ಕಳೆದಿದ್ದನು. ವೇಗ ತಗ್ಗಿದ ಎಚ್ಚರಿಕೆಗೆ ಕ್ಯಾಪ್ಟನ್ ತೋರಿದ ತಪ್ಪು ಪ್ರತಿಕ್ರಿಯೆಯೇ ಅಪಘಾತದ ಕಾರಣವೆಂದು ತನಿಖೆ ನಿರ್ಣಯಿಸಿತು. ಬಳಲಿಕೆಯ ಪಾತ್ರವನ್ನು ಅಳೆದು ಹೇಳಲಾಗದಿದ್ದರೂ ಅದನ್ನು ಅಲ್ಲಗಳೆಯಲಿಲ್ಲ. ಮೃತರ ಕುಟುಂಬಗಳು ಪಟ್ಟು ಹಿಡಿದು ಹೋರಾಡಿದ ಫಲವಾಗಿ ಹೊಸ ವಿಶ್ರಾಂತಿ ನಿಯಮಗಳು 2014ರ ಜನವರಿಯಿಂದ ಜಾರಿಗೆ ಬಂದವು: ಕೆಲಸಕ್ಕೆ ಮುನ್ನ ಹತ್ತು ಗಂಟೆಗಳ ಬಿಡುವು, ಅದರಲ್ಲಿ ಎಂಟು ಗಂಟೆ ಅಡ್ಡಿಯಿಲ್ಲದ ನಿದ್ರೆಗೆ ಅವಕಾಶ. ಆದರೆ ಮನೆಯಿಂದ ನೆಲೆಗೆ ಬರುವ ಪ್ರಯಾಣವನ್ನು ಈ ನಿಯಮಗಳು ಕೆಲಸವೆಂದು ಗಣಿಸಲಿಲ್ಲ; ದಣಿಯದೆ ಬರುವುದು ಚಾಲಕನದೇ ಹೊಣೆಯೆಂದು ಬಿಟ್ಟವು. ಕಂಪೆನಿಗಳು ಈ ಹೊಣೆಯನ್ನು ಹಂಚಿಕೊಳ್ಳಬೇಕಾದುದು ನ್ಯಾಯ. ಹೊಸಬನನ್ನು ದುಬಾರಿಯ ನಗರಕ್ಕೆ ಹಾಕಿ, ಅಲ್ಲಿ ಮನೆ ಮಾಡಲಾಗದ ಪ್ರಥಮ ವರ್ಷದ ವೇತನವನ್ನು ಕೊಟ್ಟು, ಅವನ ನಿದ್ರೆ ಅವನ ಪಾಡು ಎಂದರೆ ಹೇಗೆ?

ನೆಲೆಯ ಊರಿಗೇ ಮನೆ ಬದಲಾಯಿಸಬಾರದೆ ಎಂದು ಕೇಳಬಹುದು. ಹಾಗೆ ಮಾಡಿದವರೂ ಕೈ ಸುಟ್ಟುಕೊಂಡದ್ದುಂಟು. ಪಿಟ್ಸ್‌ಬರ್ಗ್, ಸೇಂಟ್ ಲೂಯಿಸ್, ಸಿನ್ಸಿನಾಟಿ, ಮೆಂಫಿಸ್ ಇವೆಲ್ಲ ಒಂದು ಕಾಲಕ್ಕೆ ಕಂಪೆನಿಗಳ ಮಹಾಕೇಂದ್ರಗಳಾಗಿದ್ದವು; ಅಲ್ಲಿ ಮನೆ ಕಟ್ಟಿ ನೆಲಸಿದ ಚಾಲಕರ ಕಣ್ಣೆದುರೇ ಒಂದೊಂದಾಗಿ ಸೊರಗಿದವು. ಆದಕಾರಣ ಅನುಭವಿಗಳು ಕಿರಿಯರಿಗೆ ಹೇಳುವುದು, ನೆಲೆ ಸ್ಥಿರವೆಂದು ನಂಬಬೇಡ ಎಂದೇ.

ಹಾಗಾದರೆ ಒರ್ಲ್ಯಾಂಡೊದ ನಮ್ಮ ಚಾಲಕನು ಏನು ಮಾಡಬೇಕು? ಮೊದಲು ನೋಡತಕ್ಕದ್ದು ಮುಂದಿನ ಹತ್ತು ವರ್ಷಗಳಲ್ಲಿ ಪ್ರತಿ ಕಂಪೆನಿಯಿಂದ ನಿವೃತ್ತರಾಗುವವರ ಸಂಖ್ಯೆ. ಹಳೆಯ ಕಂಪೆನಿಯಲ್ಲಿ ಮುಪ್ಪಾದವರು ಹೆಚ್ಚು. ಅಲ್ಲಿ ಅವನ ಕ್ರಮಾಂಕ ಯಾವ ಪ್ರಯತ್ನವೂ ಇಲ್ಲದೆ ಮೇಲಕ್ಕೇರುವುದು. ಎಳೆಯ ಕಂಪೆನಿಯಲ್ಲಿ ಕ್ಯಾಪ್ಟನ್ನರೇ ನಲವತ್ತರ ಪ್ರಾಯದವರು; ಹೊಸ ವಿಮಾನಗಳು ಬರುತ್ತಿರುವಷ್ಟು ಕಾಲ ಬಡ್ತಿ ಶೀಘ್ರ, ಅವು ನಿಂತ ದಿನ ಏಣಿಯೂ ನಿಲ್ಲುವುದು. ನಿವೃತ್ತಿಯ ಲೆಕ್ಕಕ್ಕೂ ಪೂರ್ಣ ಭರವಸೆಯಿಲ್ಲ: 2007ರ ಡಿಸೆಂಬರಿನಲ್ಲಿ ನಿವೃತ್ತಿಯ ವಯಸ್ಸನ್ನು ಅರವತ್ತರಿಂದ ಅರವತ್ತೈದಕ್ಕೆ ಏರಿಸಿದಾಗ, ಐದು ವರ್ಷಗಳ ಕಾಲ ಪಟ್ಟಿ ಚಲಿಸದೆ ಕೆಳಗಿನವರೆಲ್ಲ ಇದ್ದಲ್ಲೇ ಉಳಿದರು. ಆತನಿಗೆ ಐವತ್ತಾಗಿದ್ದರೆ ಮನೆಯ ಬಳಿಯ ಕೆಲಸವನ್ನು ಹಿಡಿಯೆಂದು ನಾನು ಹೇಳುತ್ತಿದ್ದೆ. ಮೂವತ್ತರ ಪ್ರಾಯಕ್ಕೆ, ಆರು ವಾರ ಕಾದು, ಹಳೆಯ ಕಂಪೆನಿಯನ್ನು ಸೇರಿ, ಫ್ಲಾರಿಡಕ್ಕೆ ಸಮೀಪದ ನೆಲೆಯೊಂದು ದೊರೆಯುವವರೆಗೆ ಕೆಲವು ವರ್ಷ ಕ್ಯೂ ಗಾರ್ಡನ್ಸಿನ ಮಂಚವನ್ನು ಸಹಿಸುವುದೇ ಮೇಲೆಂದು ತೋರುತ್ತದೆ. ಆದರೆ ಆ ಕೆಲವು ವರ್ಷಗಳು ಮಕ್ಕಳ ಎಳವೆಯ ವರ್ಷಗಳೇ ಆಗಿರುವುದರಿಂದ, ಈ ತೀರ್ಮಾನದಲ್ಲಿ ಹೆಂಡತಿಯ ಮಾತಿಗೆ ಸಮಪಾಲು ಇರಬೇಕು.

ಭಾರತದ ಸ್ಥಿತಿ ಬೇರೆ. ಇಲ್ಲಿ ಅನುಭವಿ ಕ್ಯಾಪ್ಟನ್ನನು ಮತ್ತೊಂದು ಕಂಪೆನಿಗೆ ಕ್ಯಾಪ್ಟನ್ನಾಗಿಯೇ ಸೇರಬಲ್ಲನು. ಬೆಂಗಳೂರಿನಿಂದ ಬೆಳೆದ ಕಿಂಗ್‌ಫಿಷರ್ ತಿಂಗಳುಗಟ್ಟಲೆ ಸಂಬಳ ಬಾಕಿಯುಳಿಸಿ 2012ರ ಅಕ್ಟೋಬರಿನಲ್ಲಿ ನಿಂತಾಗಲೂ, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗಲೂ, ಚಾಲಕರು ಬಾಕಿಯ ಹಣಕ್ಕೆ ಅಲೆದರೇ ಹೊರತು ಅವರಲ್ಲಿ ಅನೇಕರ ಪದವಿ ಬೇರೆಡೆಯಲ್ಲಿ ಉಳಿಯಿತು. ಪ್ರತಿಯಾಗಿ ಇಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯ ಕಡಮೆ: 2017ರ ಸರಕಾರಿ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚಿತವಾಗಿ ನೋಟೀಸು ಕೊಡಬೇಕು.

ಅಮೆರಿಕದಲ್ಲಿ ಮಹಾಮಾರಿ ಇಳಿದೊಡನೆ ಗಾಳಿ ತಿರುಗಿತ್ತು. 2022, 2023ರಲ್ಲಿ ಚಾಲಕರ ಅಭಾವವೇ ಎಲ್ಲೆಲ್ಲೂ. 2023ರ ಮಾರ್ಚಿನಲ್ಲಿ ಡೆಲ್ಟದ ಚಾಲಕರು ನಾಲ್ಕು ವರ್ಷಗಳಲ್ಲಿ ಶೇಕಡ 34ರಷ್ಟು ವೇತನ ಏರಿಸುವ ಒಪ್ಪಂದವನ್ನು ಪಡೆದರು, ಇತರರೂ ಅದೇ ದಾರಿ ಹಿಡಿದರು. 2024ರ ಹೊತ್ತಿಗೆ ಬೋಯಿಂಗ್ ಕಾರ್ಖಾನೆಯಿಂದ ವಿಮಾನಗಳು ವೇಳೆಗೆ ಬಾರದೆ, ಯುನೈಟೆಡ್ ತನ್ನ ಚಾಲಕರಿಗೆ ಸಂಬಳವಿಲ್ಲದ ರಜೆಯನ್ನು ಸ್ವಇಚ್ಛೆಯಿಂದ ಪಡೆಯುವಂತೆ ಕೇಳಿತು. ಬೋಯಿಂಗ್ 737 ಒಂದನ್ನೇ ನೆಚ್ಚಿದ ಸೌತ್‌ವೆಸ್ಟ್ ನೇಮಕಾತಿಯನ್ನು ಮೊಟಕುಗೊಳಿಸಿತು. ಅಗ್ಗದ ದರದ ಸ್ಪಿರಿಟ್ ಕಂಪೆನಿಯು ಚಾಲಕರನ್ನು ಫರ್ಲೋಗೆ ಕಳುಹಿಸಿ, ನವೆಂಬರಿನಲ್ಲಿ ದಿವಾಳಿ ರಕ್ಷಣೆಯನ್ನು ಬೇಡಿತು. ಅಲ್ಲಿ ಎಡಪೀಠದಲ್ಲಿ ಕುಳಿತಿದ್ದ ಕ್ಯಾಪ್ಟನ್ನರು ದೊಡ್ಡ ಕಂಪೆನಿಗಳ ಸಂದರ್ಶನಗಳಿಗೆ ಹೋಗಿ, ಆಯ್ಕೆಯಾದವರು ಇಪ್ಪತ್ತೈದರ ಯುವಕರೊಡನೆ ಒಂದೇ ತರಬೇತಿಯ ತರಗತಿಯಲ್ಲಿ, ಪಟ್ಟಿಯ ಕೊನೆಯ ಕ್ರಮಾಂಕವನ್ನು ಪಡೆದು, ಒಂದು ವರ್ಷದ ಪರೀಕ್ಷಾರ್ಥ ಸೇವೆಯನ್ನು ಮತ್ತೆ ಆರಂಭಿಸಿದರು.